ಆಟದ ಅವಧಿ ಯಾರದು? ಬೋಧನಾಭ್ಯಾಸದ ಒಂದು ಅವಲೋಕನ

ಬೋಗಾದಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಬೋಧನಾಭ್ಯಾಸ ಮಾಡುತ್ತಿದ್ದೆ. ಮೊದಲ ಎರಡು ವಾರಗಳಲ್ಲೇ ಎರಡು ಆಟದ ಅವಧಿಗಳನ್ನು ಕೇಳಿ ಪಡೆದಿದ್ದೆ. ‘ಶಬ್ದ’ ಘಟಕದ ಪಾಠಯೋಜನೆಗಳು ಹಿಂದೆ ಬಿದ್ದಿದ್ದವು, ಮಾರ್ಗದರ್ಶಕರು ಪಾಠ ನೋಡಲು ಬರುವ ದಿನ ಹತ್ತಿರವಾಗಿತ್ತು. ದೈಹಿಕ ಶಿಕ್ಷಣ ಶಿಕ್ಷಕರು “ತಗೋಳಮ್ಮ, ಎಲ್ಲಾರೂ ತಗೋತಾರೆ” ಎಂದು ಕೊಟ್ಟಿದ್ದರು. ಮೂರನೇ ಸಲ ಕೇಳಿದಾಗ ಮಾತ್ರ ಕೊಡಲಿಲ್ಲ. “ಇವತ್ತು ನೀನೇ ಮೈದಾನಕ್ಕೆ ಬಾ” ಎಂದರು.

ಅಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಒಬ್ಬ ವಿದ್ಯಾರ್ಥಿನಿ ಮಂಗಳವಾರ ಮತ್ತು ಶುಕ್ರವಾರ ಶಾಲೆಗೆ ಬರುತ್ತಿರಲಿಲ್ಲ. ಎರಡೂ ಆಟದ ಅವಧಿ ಇರುವ ದಿನಗಳು. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬದ ಹುಡುಗಿ, ಶಾಲೆಗೆ ಸೇರಿದ್ದು ವರ್ಷದ ಮಧ್ಯದಲ್ಲಿ. ಅವಳು ಬಾಯಿ ತೆರೆದರೆ ಹಿಂದಿನ ಬೆಂಚಿನಲ್ಲಿ ನಗು ಕೇಳುತ್ತಿತ್ತು. ಆಟದ ಅವಧಿಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆಂದು ಅವಳಿಗೆ ತಿಳಿಯುವುದಾದರೂ ಹೇಗೆ? ಹಾಗಾಗಿ ನಾನು ಎರವಲು ಪಡೆದ ಆ ಎರಡು ಪಾಠಗಳೂ ಅವಳಿಗೆ ತಪ್ಪಿಹೋಗಿದ್ದವು.

ಆ ಶುಕ್ರವಾರ ಕಿರುಪರೀಕ್ಷೆ ಇದ್ದುದರಿಂದ ಬಂದಿದ್ದಳು. ಆಟ ಖೋ-ಖೋ. ಬೆನ್ನಟ್ಟುವ ತಂಡದ ಎಂಟು ಜನ ನಡುಪಟ್ಟಿಯಲ್ಲಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವರು ಅಟ್ಟುತ್ತಾರೆ. ಅಟ್ಟುವವರು ನಡುಪಟ್ಟಿ ದಾಟುವಂತಿಲ್ಲ, ಹಿಡಿದ ದಿಕ್ಕು ಬದಲಿಸುವಂತಿಲ್ಲ. ಓಡುವವರು ಆಚೆಗೆ ನುಸುಳಿದರೆ ಕೂತವರ ಬೆನ್ನು ಮುಟ್ಟಿ ‘ಖೋ’ ಎನ್ನಲೇಬೇಕು. ಆದ್ದರಿಂದ ಯಾರು ಎದ್ದು ಓಡಬೇಕೆಂಬುದನ್ನು ಕೂತ ಜಾಗ ನಿರ್ಧರಿಸಬೇಕು. ನಾನು ಕಂಡದ್ದು ಹಾಗಿರಲಿಲ್ಲ. ಅಭ್ಯಾಸಬಲದಿಂದ ಅವಲೋಕನ ಪುಸ್ತಕದಲ್ಲಿ ಗೀಟು ಹಾಕುತ್ತಾ ಹೋದೆ. ಅವಳ ತಂಡದ ಎರಡು ಸರದಿಗಳಲ್ಲಿ 31 ಖೋ. ಅರ್ಧಕ್ಕಿಂತ ಹೆಚ್ಚು ಮೂವರ ಮಧ್ಯೆಯೇ ಓಡಾಡಿದವು. ಅವಳಿಗೆ ಒಂದೂ ಇಲ್ಲ. ಓಡುವವರು ಅವಳ ಮುಂದೆಯೇ ಹಾದು ಹೋದರೂ ಅಟ್ಟುವವಳು ಅವಳನ್ನು ದಾಟಿ ಮುಂದಿನವಳಿಗೆ ಖೋ ಕೊಟ್ಟಳು.

ಆಮೇಲೆ ನೀರಿನ ನಲ್ಲಿಯ ಹತ್ತಿರ ಕೇಳಿದೆ. “ನನಗ ಯಾರೂ ಖೋ ಕೊಡಂಗಿಲ್ರಿ ಟೀಚರ್” ಎಂದಳು. ದೂರಿನ ಧ್ವನಿ ಇರಲಿಲ್ಲ, ಮಳೆ ಬಂತು ಅನ್ನುವ ಹಾಗೆ ಹೇಳಿದಳು.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆತಂಕ, ಖಿನ್ನತೆ ತಗ್ಗಲು ಅದು ನೆರವಾಗುತ್ತದೆ ಎಂಬುದನ್ನು ನಾವೆಲ್ಲ ಮನೋವಿಜ್ಞಾನ ಪತ್ರಿಕೆಗೆ ಓದಿದ್ದೇವೆ. ಆದರೆ ನಲವತ್ತು ನಿಮಿಷ ಮೈದಾನದಲ್ಲಿದ್ದ ಆ ಹುಡುಗಿಯ ಕಾಲು ಓಡಿರಲಿಲ್ಲ. ಅವಳು ಅಲ್ಲಿ ಕಲಿತದ್ದು ತಾನು ಯಾರಿಗೂ ಬೇಡ ಎಂಬುದನ್ನು, ಅದೂ ಎಲ್ಲರೆದುರು. ಔಟಾದವರನ್ನು ಹೊರಗೆ ಕೂರಿಸುವ ನಮ್ಮ ಬಹುತೇಕ ಆಟಗಳಲ್ಲೂ ಇದೇ ತೊಂದರೆ: ಆಟ ಯಾರಿಗೆ ಹೆಚ್ಚು ಬೇಕೋ ಅವರೇ ಮೊದಲು ಹೊರಗೆ.

ಶಿಕ್ಷಕರ ಜೊತೆ ಮಾತಾಡಿ ಒಂದು ನಿಯಮ ಸೇರಿಸಿದೆವು. ಸರದಿಯಲ್ಲಿ ಎಲ್ಲರಿಗೂ ಒಂದೊಂದು ಖೋ ಸಿಗುವವರೆಗೆ ಯಾರಿಗೂ ಎರಡನೆಯದಿಲ್ಲ. ಮೊದಲ ದಿನ ಆಟ ಕೆಟ್ಟಿತು. “ಮಿಸ್, ಅವಳಿಗೆ ಕೊಟ್ರೆ ಯಾರೂ ಔಟಾಗಲ್ಲ” ಎಂದು ಜಗಳ. ಮುಂದಿನ ವಾರ ತಂತ್ರ ಅವರಿಗೇ ಹೊಳೆಯಿತು. ಅವಳಿಗೆ ಖೋ ಬರುವುದಿಲ್ಲವೆಂದು ನಂಬಿ ಓಡುವವರು ಅವಳ ಪಕ್ಕದಲ್ಲೇ ನಿಂತು ಸುಧಾರಿಸಿಕೊಳ್ಳುತ್ತಿದ್ದರು! ಅವಳು ಎದ್ದಳು, ಕೈ ಚಾಚಿದಳು, ಒಬ್ಬಳು ಔಟ್. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರೆಂದು ಶಿಕ್ಷಕರು ಅಂದು ಹೇಳಿದ್ದನ್ನು ಮಕ್ಕಳು ಕಿವಿಗೊಟ್ಟು ಕೇಳಿದರು. ನಮ್ಮ ಹುಡುಗಿ ಚೈತ್ರಾ ಆಗಲಿಲ್ಲ, ಆಗಬೇಕಾಗಿಯೂ ಇಲ್ಲ. ಮುಂದಿನ ನಾಲ್ಕು ಆಟದ ದಿನಗಳಲ್ಲಿ ಮೂರು ದಿನ ಬಂದಳು.

ಕಲೆಯ ವಿಷಯದಲ್ಲಿ ನನ್ನ ಅನುಭವ ಇನ್ನೂ ಚಿಕ್ಕದು. ಮೈಸೂರಿನಲ್ಲಿ ರಂಗಾಯಣವಿದೆ, ಬೇಸಿಗೆ ರಜೆಯ ಚಿಣ್ಣರ ಮೇಳವಿದೆ. ಕೇಳಿದರೆ ಆ ತರಗತಿಯಿಂದ ಯಾರೂ ಅಲ್ಲಿಗೆ ಹೋದವರಿರಲಿಲ್ಲ. ಹಾಗಾಗಿ ಪಾಠದೊಳಗೇ ಜಾಗ ಹುಡುಕಬೇಕಾಯಿತು. ಕಂಪನದ ಪಾಠಕ್ಕೆ ಒಬ್ಬ ಹುಡುಗ ಮನೆಯಿಂದ ತಮಟೆ ತಂದ. ಪರೀಕ್ಷೆಯಲ್ಲಿ ಯಾವಾಗಲೂ ಹಿಂದೆ ಇದ್ದವನು. ಅಂಗಳದಲ್ಲಿ ಕಾಗದ ಉರಿಸಿ ಚರ್ಮ ಕಾಯಿಸಿ, ಕಾಯಿಸುವ ಮುಂಚಿನ ಮತ್ತು ಆಮೇಲಿನ ನಾದ ಕೇಳಿಸಿದ. ಚರ್ಮ ಬಿಗಿಯಾದಂತೆ ಕಂಪನದ ಆವೃತ್ತಿ ಹೆಚ್ಚುತ್ತದೆ, ಸ್ಥಾಯಿ ಏರುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆಯುವುದಷ್ಟೇ ನನ್ನ ಕೆಲಸವಾಯಿತು. ಮರುದಿನ ಊಟದ ಬಿಡುವಿನಲ್ಲಿ ಇಬ್ಬರು ಅವನ ಹತ್ತಿರ ಪೆಟ್ಟು ಕಲಿಯಲು ಕೂತಿದ್ದರು, ಬೆಂಚಿನ ಮೇಲೆ.

ಇದನ್ನೆಲ್ಲ ಚಿಕಿತ್ಸೆ ಎನ್ನಲಾರೆ. ಇದೇ ತರಗತಿಯ ಇನ್ನೊಬ್ಬ ಹುಡುಗ ದಿನಗಟ್ಟಲೆ ಊಟದ ಡಬ್ಬಿ ಮುಚ್ಚಳ ತೆಗೆಯದೆ ಕೂರುತ್ತಿದ್ದ. ಆಟವೂ ತಮಟೆಯೂ ಅವನನ್ನು ಮುಟ್ಟಲಿಲ್ಲ. ತರಗತಿ ಶಿಕ್ಷಕಿಗೆ ತಿಳಿಸಿದೆ, ಅವರು ಮನೆಯವರನ್ನು ಕರೆಸಿ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟರು. ಪ್ರಶಿಕ್ಷಣಾರ್ಥಿಗಳು ಈ ಸಂಖ್ಯೆಯನ್ನು ಪಾಠಯೋಜನೆಯ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯ ವಾರ ದೈಹಿಕ ಶಿಕ್ಷಣ ಶಿಕ್ಷಕರಿಗೆ ನನ್ನ ಎರಡು ವಿಜ್ಞಾನ ಅವಧಿಗಳನ್ನು ಹಿಂದಿರುಗಿಸಿದೆ. ಒಂದು ಪಾಠ ಕಡಿಮೆ ಬಿತ್ತು. ಕಾರಣ ಬರೆದು ಕೊಡು, ಮುಂದಿನ ಸುತ್ತಿನಲ್ಲಿ ಆ ಪಾಠ ಮಾಡು ಎಂದರು ಮಾರ್ಗದರ್ಶಕರು. ಕಾರಣದ ಕಾಲಂನಲ್ಲಿ ‘ಖೋ-ಖೋ’ ಎಂದು ಬರೆದೆ.