ಹುಳಿ ಮುಂದು, ಬೆಲ್ಲ ಹಿಂದು

ಮಗಾ, ಕಳೆದ ಭಾನುವಾರ ನೀನು ಹೊರಟುಹೋದ ಮೇಲೆ ಫ್ರಿಜ್ಜಿನ ಬಾಗಿಲಲ್ಲಿ ನಿನ್ನ ಸೀಸೆ ಕಣ್ಣಿಗೆ ಬಿತ್ತು. ಬೆಂಗಳೂರಿನಿಂದ ತಂದಿದ್ದೆಯಲ್ಲ, ಸೌತೆಕಾಯಿ ಹೋಳಿನ ಮೇಲೆ ಸುರಿದುಕೊಂಡು ತಿನ್ನುವುದಕ್ಕೆ, ಸಲಾಡ್ ಡ್ರೆಸ್ಸಿಂಗ್. ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ನೀರು, ಸಕ್ಕರೆ, ಎಣ್ಣೆ, ವಿನಿಗರ್, ಉಪ್ಪು, ಮಂದ ಮಾಡಲು ಒಂದು ಅಂಟು, ಕೆಡದಿರಲು ಇನ್ನೊಂದು ಪುಡಿ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಅಂದಮೇಲೆ ನೀನು ದುಡ್ಡು ಕೊಟ್ಟದ್ದು ಹೆಚ್ಚಾಗಿ ಸಕ್ಕರೆ ನೀರಿಗೆ. ಬೈಯುತ್ತಿಲ್ಲ ಕಣಪ್ಪ. ಒಂದು ಚಮಚ ನೆಕ್ಕಿಯೂ ನೋಡಿದೆ, ತಿನ್ನುವ ಹಾಗೇ ಇತ್ತು. ಆದರೆ ಹುಣಸೆ ಸೀಮೆಯ ಹುಡುಗ ಹುಳಿ-ಸಿಹಿಯನ್ನು ಅಂಗಡಿಯಿಂದ ಕೊಂಡು ತರುತ್ತಾನಲ್ಲ ಅಂತ ಹೊಟ್ಟೆ ಚುರುಕ್ ಎಂದಿತು. ಅದಕ್ಕೇ ಈ ಕಾಗದ.

ಗಂಡು ಹುಡುಗನಿಗೆ ಇದೆಲ್ಲ ಯಾಕೆ ಎಂದು ನಿಮ್ಮಮ್ಮ ಫೋನಿನಲ್ಲಿ ನಕ್ಕಳು. ನಿಮ್ಮ ತಾತ ಗೊಜ್ಜು ಕಲಸಿದರೆ ನಾನು ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದೆ, ಅಷ್ಟು ಚೆನ್ನಾಗಿರುತ್ತಿತ್ತು. ಹಸಿವು ಗಂಡು ಹೆಣ್ಣು ನೋಡಿ ಬರುವುದಿಲ್ಲ.

ನಾನು ಪಾವಗಡದಲ್ಲಿ ಹುಟ್ಟಿ ಮಧುಗಿರಿಗೆ ಸೊಸೆಯಾಗಿ ಬಂದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾ ಶಿರಾ, ಕೊರಟಗೆರೆ ಎಲ್ಲ ಸುತ್ತಿದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂದರೆ ಈ ನಾಲ್ಕು ತಾಲ್ಲೂಕು ತಾನೆ. ಎಲ್ಲಿಗೆ ವರ್ಗವಾದರೂ ಬಸ್ಸಿನ ಕಿಟಕಿಯಾಚೆ ರಸ್ತೆಬದಿಯ ಹುಣಸೆಮರ ಮಾತ್ರ ತಪ್ಪಲಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳ ಮೇಲೆಯೇ ಗೂಡು ಕಟ್ಟಿ ಮರಿ ಮಾಡುತ್ತವೆ. ಕೆಳಗೆ ಜನ ತಮ್ಮ ಪಾಡಿಗೆ ದನ ಕಟ್ಟಿಕೊಂಡು, ಬಟ್ಟೆ ಒಣಹಾಕಿಕೊಂಡು ಇರುತ್ತಾರೆ. ಮಳೆ ಕೈಕೊಟ್ಟ ವರ್ಷವೂ ನೆರಳು ಕೊಟ್ಟು ಕಾಯಿ ಬಿಡುವ ಮರ ಈ ಬಯಲಿನಲ್ಲಿ ಇನ್ನೆಷ್ಟಿವೆ ಹೇಳು.

ಈಗ ಹುಣಸೆಹಣ್ಣಿನ ಮಾತು. ಇದನ್ನು ನಿಧಾನವಾಗಿ ಓದು, ಉಳಿದದ್ದನ್ನು ಓಡಿಸಿದರೂ ಚಿಂತೆಯಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮರ ಬಡಿಯಲು ಶುರುಮಾಡುತ್ತಾರೆ. ಯುಗಾದಿ ಹೊತ್ತಿಗೆ ಮನೆಮನೆಯ ಜಗಲಿಯಲ್ಲೂ ಹಣ್ಣಿನ ರಾಶಿ. ಓಡು ಬಿಡಿಸಿ, ಕುಟ್ಟಿ ಬೀಜ ತೆಗೆದು, ನಾರು ಎಳೆದು, ಬಿಸಿಲಿಗೆ ಹಾಕಿ, ಉಪ್ಪು ಬೆರೆಸಿ ಜಾಡಿಗೆ ಒತ್ತುವಷ್ಟರಲ್ಲಿ ಹೆಂಗಸರ ಬೆರಳ ತುದಿಯೆಲ್ಲ ಕಪ್ಪು. ಮಾರುವವರು ತುಮಕೂರಿಗೋ ಗಡಿಯಾಚೆಯ ಹಿಂದೂಪುರದ ಮಂಡಿಗೋ ಹಾಕುತ್ತಾರೆ. ಹೊಸ ಹಣ್ಣು ಕೆಂಪಗೆ, ಜೇನಿನ ಬಣ್ಣಕ್ಕೆ ಹತ್ತಿರ. ಅದರ ಹುಳಿ ಚುರುಕು, ವಾಸನೆಯೂ ಹಣ್ಣಿನದೇ. ವರ್ಷ ಕಳೆದದ್ದು ಕಪ್ಪಾಗಿ ಮೆತ್ತಗಾಗುತ್ತದೆ, ಹುಳಿಯೂ ತಣ್ಣಗಾಗುತ್ತದೆ. ಸಾರಿಗೆ ಹಳೆಯದೇ ಸೈ. ಹಸಿ ತರಕಾರಿಯ ಮೇಲೆ ಹಾಕುವುದಕ್ಕೆ ಹೊಸದು ಬೇಕು. ಅಂಗಡಿಯಲ್ಲಿ ಕೇಳುವಾಗ ಬರೀ ಹುಣಸೆಹಣ್ಣು ಅನ್ನಬೇಡ, ಹೊಸದೋ ಹಳೆಯದೋ ಎಂದು ಕೇಳು. ಅಷ್ಟು ಕೇಳಿದರೆ ಅಂಗಡಿಯವನು ನಿನ್ನನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ.

ಮಕ್ಕಳಿಗೆ ಹೇಳಿದರೆ ನಂಬುತ್ತಿರಲಿಲ್ಲ: ಮಾಗಿದ ಹುಣಸೆಯ ತಿರುಳಿನಲ್ಲಿ ಹುಳಿಗಿಂತ ಸಕ್ಕರೆಯ ಅಂಶವೇ ಹೆಚ್ಚು. ಮಾವು, ಸೀಬೆ ಎಲ್ಲ ಮಾಗುತ್ತಾ ಹುಳಿ ಬಿಟ್ಟುಕೊಡುತ್ತವೆ. ಹುಣಸೆ ಮಾತ್ರ ಸಕ್ಕರೆ ತುಂಬಿಕೊಂಡರೂ ತನ್ನ ಟಾರ್ಟಾರಿಕ್ ಆಮ್ಲವನ್ನು ಹಾಗೇ ಇಟ್ಟುಕೊಳ್ಳುತ್ತದೆ. ಒಳಗಿರುವ ಸಿಹಿ ನಾಲಿಗೆಗೆ ಗೊತ್ತಾಗುವುದೇ ಇಲ್ಲ. ಬೆಲ್ಲ ಹಾಕಿದಾಗ ನಾವು ಮಾಡುವುದು ಇಷ್ಟೇ, ಅಡಗಿ ಕೂತಿದ್ದ ಆ ಸಿಹಿಗೆ ಒಂದು ಕೈ ಆಸರೆ ಕೊಡುವುದು. ಹುಣಸೆಗೂ ಬೆಲ್ಲಕ್ಕೂ ಅಷ್ಟು ಸಲೀಸಾಗಿ ಹೊಂದುವುದು ಇದಕ್ಕೇ ಇರಬೇಕು ಅಂತ ನನ್ನ ಊಹೆ.

ಮಾಡುವ ಬಗೆ ಹೇಳುತ್ತೇನೆ. ನಿಂಬೆಹಣ್ಣಿನ ಗಾತ್ರದ ಹುಣಸೆಯನ್ನು ಅರ್ಧ ಲೋಟ ಉಗುರುಬೆಚ್ಚನೆ ನೀರಿನಲ್ಲಿ 20 ನಿಮಿಷ ನೆನೆಹಾಕು. ಕುದಿಯುವ ನೀರು ಹಾಕಿ ಅವಸರ ಮಾಡಬೇಡ, ನಾರಿನ ಒಗರೂ ಬಿಟ್ಟುಕೊಳ್ಳುತ್ತದೆ. ಆಮೇಲೆ ಕೈಯಲ್ಲೇ ಕಿವುಚು. ಚಮಚದಲ್ಲಿ ಒತ್ತಿದರೆ ಅರ್ಧ ತಿರುಳು ನಾರಿಗೇ ಅಂಟಿಕೊಂಡು ಉಳಿಯುತ್ತದೆ. ಬೆರಳ ನಡುವೆ ನಾರು, ಒಂದೆರಡು ಉಳಿದ ಬೀಜ ಸಿಗುತ್ತವೆ, ತೆಗೆದುಹಾಕು. ಟೀ ಸೋಸುವ ಜಾಲರಿಯಲ್ಲಿ ಸೋಸು, ಜಾಲರಿಯ ಅಡಿಗೆ ಅಂಟಿದ್ದನ್ನೂ ಬೆರಳಿನಿಂದ ಬಳಿದುಕೊ. ರುಚಿ ಇರುವುದೇ ಅಲ್ಲಿ.

ಇನ್ನು ಬೆಲ್ಲ. ನಿಮ್ಮ ಮುತ್ತಜ್ಜಿ, ಅಂದರೆ ನನ್ನ ತಾಯಿ, ಮನೆಯಲ್ಲಿ ತೆಲುಗು ಆಡುತ್ತಿದ್ದಳು. ಪಾವಗಡ ಮೂರು ಕಡೆಯಿಂದಲೂ ಆಂಧ್ರ ಸುತ್ತುವರಿದ ತಾಲ್ಲೂಕು, ಅಲ್ಲಿ ಒಂದೇ ಒಲೆಯ ಮುಂದೆ ಎರಡು ಭಾಷೆ. ಗೊಜ್ಜಿಗೆ ಕೈ ಹಾಕಿದಾಗಲೆಲ್ಲ ‘ಮುಂದು ಪುಲುಪು, ಬೆಲ್ಲಂ ತರ್ವಾತ’ ಎನ್ನುತ್ತಿದ್ದಳು. ಹುಳಿ ಮೊದಲು, ಬೆಲ್ಲ ಆಮೇಲೆ. ಹುಡುಗಿಯಾಗಿದ್ದಾಗ ಅದು ಬರೀ ಹಟ ಅನಿಸುತ್ತಿತ್ತು. ನನಗೇ ಮೀಸೆ ಬರುವ ವಯಸ್ಸಾದ ಮೇಲೆ ಅರ್ಥವಾಯಿತು. ಈ ವರ್ಷದ ಹುಣಸೆ ಕಳೆದ ವರ್ಷದ್ದರಂತಿರುವುದಿಲ್ಲ, ಒಂದು ಮರದ್ದು ಪಕ್ಕದ ಮರದ್ದರಂತಿರುವುದಿಲ್ಲ. ಹುಳಿ ಎಷ್ಟಿದೆ ಅಂತ ಗೊತ್ತಾಗದೆ ಸಿಹಿ ಎಷ್ಟು ಅಂತ ಹೇಗೆ ಗೊತ್ತಾಗಬೇಕು? ಮೊದಲೇ ಬೆಲ್ಲ ಸುರಿದರೆ ಸಿಹಿ ಹುಳಿಯನ್ನು ಮರೆಮಾಡುತ್ತದೆ, ಆಮೇಲೆ ಸರಿಮಾಡಲು ಹುಳಿ, ಅದಕ್ಕೆ ಮತ್ತೆ ಬೆಲ್ಲ, ಕೊನೆಗೆ ಒಂದು ಬಕೆಟ್ ಗೊಜ್ಜು. ಆದ್ದರಿಂದ ಸೋಸಿದ ರಸವನ್ನು ಮೊದಲು ಒಂದು ತೊಟ್ಟು ನಾಲಿಗೆಗೆ ಹಚ್ಚಿ ನೋಡು. ಕಣ್ಣು ಮುಚ್ಚುವಷ್ಟು ಹುಳಿಯೋ, ಬರೀ ಹುಬ್ಬು ಗಂಟಿಕ್ಕುವಷ್ಟೋ? ಅದನ್ನು ನೋಡಿಕೊಂಡು ಪುಡಿಮಾಡಿದ ಬೆಲ್ಲ ಹಾಕು.

ಅಳತೆ ಬೇಕೇ ಬೇಕು ಅಂದರೆ, ಹುಣಸೆ ತೂಕದ ಒಂದೂವರೆಯಷ್ಟು ಬೆಲ್ಲದಿಂದ ಶುರುಮಾಡು. ಶುರುಮಾಡು ಅಂದೆ, ಅಲ್ಲೇ ನಿಲ್ಲು ಅನ್ನಲಿಲ್ಲ.

ಬೆಲ್ಲ ಕಪ್ಪಗಿರಲಿ. ಹಳದಿ ಹೊಳೆಯುವ ಅಚ್ಚು ನೋಡಿ ಮರುಳಾಗಬೇಡ, ಆ ಬಣ್ಣ ಬರಲೆಂದು ಆಲೆಮನೆಯಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು. ಜೇನು ಹಾಕಬಹುದೇ ಅಂತ ನೀನು ಕೇಳುತ್ತೀಯ, ಊರ ಹೆಸರಲ್ಲೇ ಮಧು ಇದೆಯಲ್ಲ. ಹಾಕಬಹುದು, ಆದರೆ ಹುಣಸೆಗಲ್ಲ. ಹುಣಸೆಯ ಮುಂದೆ ಜೇನಿನ ಪರಿಮಳ ಸತ್ತುಹೋಗುತ್ತದೆ, ದುಡ್ಡು ದಂಡ. ಜೇನಿಗೆ ನಿಂಬೆಹಣ್ಣೇ ಜೋಡಿ. ಒಂದು ಹೋಳು ನಿಂಬೆರಸ, ಒಂದು ಚಮಚ ಜೇನು, ಉಪ್ಪು, ಕುಟ್ಟಿದ ಮೆಣಸು. ಒಲೆ ಹಚ್ಚುವುದೇ ಬೇಡ. ನಿಂಬೆರಸ ಕಾಯಿಸಿದರೆ ಕಹಿ, ಜೇನೂ ಕಾಯಿಸುವ ಪದಾರ್ಥವಲ್ಲ.

ಹುಣಸೆ-ಬೆಲ್ಲವನ್ನು ಅವತ್ತೇ ತಿನ್ನುವುದಾದರೆ ಕುದಿಸುವ ಅಗತ್ಯವಿಲ್ಲ, ಅದೇ ಹಸಿಗೊಜ್ಜು. ವಾರ ಇಡಬೇಕೆಂದರೆ ಸಣ್ಣ ಉರಿಯಲ್ಲಿ ಕುದಿಸು. ಉಪ್ಪು, ಹುರಿದು ಪುಡಿಮಾಡಿದ ಜೀರಿಗೆ, ಚಿಟಿಕೆ ಖಾರದಪುಡಿ ಸೇರಿಸು. ಗುಳ್ಳೆ ದೊಡ್ಡದಾಗಿ ನಿಧಾನವಾಗಿ ಒಡೆಯತೊಡಗಿದಾಗ ಸೌಟು ಎತ್ತಿ ನೋಡು. ನೀರಿನಂತೆ ಸುರಿಯದೆ ಒಂದೊಂದೇ ಹನಿಯಾಗಿ ಬಿದ್ದರೆ ಇಳಿಸಿಬಿಡು. ಆರಿದ ಮೇಲೆ ಅದು ಇನ್ನೂ ಮಂದವಾಗುತ್ತದೆ. ಇದನ್ನು ಲೆಕ್ಕಕ್ಕಿಡದೆ ಪಾಕ ಬರುವವರೆಗೂ ಕುದಿಸಿದವರು ಆಮೇಲೆ ಸೀಸೆಯಿಂದ ಚಾಕುವಿನಲ್ಲಿ ಕೆರೆದುಕೊಳ್ಳುತ್ತಾರೆ.

ಪಾತ್ರೆ ಬಗ್ಗೆ ಒಂದು ಮಾತು, ಇದು ನನ್ನದೇ ತಪ್ಪಿನ ಕತೆ. ಮದುವೆಯಾದ ಹೊಸತರಲ್ಲಿ ಅತ್ತೆ ಊರಲ್ಲಿಲ್ಲದಾಗ ದೊಡ್ಡ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ನೆನೆಹಾಕಿ ಮಲಗಿಬಿಟ್ಟೆ. ಕಲಾಯಿ ಸವೆದುಹೋಗಿದ್ದು ನೋಡಿರಲಿಲ್ಲ. ಬೆಳಗ್ಗೆ ಅಂಚಿನ ಸುತ್ತ ಹಸಿರು ಕಿಲುಬು. ನಿಮ್ಮ ತಾತ ಏನೂ ಅನ್ನದೆ ಅಷ್ಟನ್ನೂ ಬಚ್ಚಲಿಗೆ ಸುರಿದು, ಕಲಾಯಿಯವನು ಬೀದಿಗೆ ಬಂದಾಗ ಪಾತ್ರೆ ಕೊಟ್ಟು ಬಂದರು. ಆ ಮನುಷ್ಯ ತಿದಿ ಒತ್ತಿ ಕೆಂಡ ಮಾಡಿ, ನವಸಾಗರ ಎರಚಿ, ತವರದ ಕಡ್ಡಿ ತಾಗಿಸಿ ಬಟ್ಟೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯೊಳಗೆ ಬೆಳ್ಳಿ ಮೂಡುತ್ತಿತ್ತು. ಈಗ ಆ ಕೂಗು ನಮ್ಮ ಬೀದಿಯಲ್ಲಿ ಕೇಳುವುದೇ ಅಪರೂಪ. ನೀನು ಸ್ಟೀಲಿನಲ್ಲೇ ಕುದಿಸು, ಗಾಜಿನಲ್ಲಿ ತುಂಬು. ಆ ಅಲ್ಯೂಮಿನಿಯಂ ಬಾಣಲೆಗೂ ಹುಳಿಗೂ ಆಗಿಬರುವುದಿಲ್ಲ. ಪ್ಲಾಸ್ಟಿಕ್ ಡಬ್ಬಿ ನನಗೆ ಕಣ್ಣಿಗೇ ಆಗದು.

ಇಷ್ಟು ಆದರೆ ಗೊಜ್ಜು ಆಯಿತು. ಅದನ್ನು ನಿನ್ನ ಡ್ರೆಸ್ಸಿಂಗ್ ಮಾಡುವುದು ಕಡಲೆಕಾಯಿ. ನಮ್ಮ ಪಾವಗಡ, ಶಿರಾ, ಮಧುಗಿರಿಯ ಕೆಂಪು ಹೊಲಗಳಲ್ಲಿ ಮಳೆ ನಂಬಿ ಬಿತ್ತುವ ಬೆಳೆ ಅದು. ಎರಡು ಚಮಚ ಗೊಜ್ಜಿಗೆ ಒಂದು ಚಮಚ ಗಾಣದ ಕಡಲೆಕಾಯಿ ಎಣ್ಣೆ, ಸ್ವಲ್ಪ ನೀರು, ಒಂದು ಚಮಚ ಹುರಿದ ಕಡಲೆಕಾಯಿ ಬೀಜದ ಪುಡಿ. ಮುಚ್ಚಳದ ಸೀಸೆಗೆ ಹಾಕಿ ಕುಲುಕು. ಎಣ್ಣೆಗೂ ನೀರಿಗೂ ಮೊದಲಿನಿಂದ ಜಗಳ, ಬಿಟ್ಟರೆ ಎರಡೂ ಬೇರೆಬೇರೆಯಾಗಿ ಕೂರುತ್ತವೆ. ಕಡಲೆಕಾಯಿಯ ನುಣ್ಣನೆ ಪುಡಿ ನಡುವೆ ನಿಂತು ಸ್ವಲ್ಪ ಹೊತ್ತು ರಾಜಿ ಮಾಡಿಸುತ್ತದೆ. ಸೀಸೆಯ ಮೇಲೆ ಬರೆದಿದ್ದ ಆ ಅಂಟು ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಹುಚ್ಚೆಳ್ಳು ಹುರಿದು ಪುಡಿಮಾಡಿ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ರುಚಿ ಮಾತ್ರ ಎಲ್ಲಕ್ಕಿಂತ ಒಂದು ಕೈ ಮೇಲು. ಸ್ನೇಹಿತರು ಬಣ್ಣ ನೋಡಿ ಮೂಗು ಮುರಿದರೆ ಅವರ ಪಾಲೂ ನೀನೇ ತಿನ್ನು.

ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯ ವಿಷಯ ಹೇಳಬೇಕಿಲ್ಲ, ರಾಮನವಮಿಯ ಕೋಸಂಬರಿ ತಿಂದು ಬೆಳೆದವನು ನೀನು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಮೇಲೊಂದು ಹನಿ ನಿಂಬೆ, ಪಕ್ಕದಲ್ಲಿ ಬೆಲ್ಲದ ಪಾನಕ. ಸಲಾಡ್ ಎಂಬ ಮಾತು ನಮ್ಮ ಮನೆಗೆ ಬರುವುದಕ್ಕೆ ಎಷ್ಟೋ ಮೊದಲೇ ಹುಳಿ-ಸಿಹಿ ಎರಡೂ ಆ ಎಲೆಯ ಮೇಲೆ ಅಕ್ಕಪಕ್ಕ ಕೂತಿದ್ದವು.

ಒಂದನ್ನು ಮಾತ್ರ ಮರೆಯಬೇಡ. ಹೆಚ್ಚಿದ ತರಕಾರಿಗೆ ಉಪ್ಪು ಬಿದ್ದ ಗಳಿಗೆಯಿಂದ ನೀರು ಬಿಡಲು ಶುರು. ಬೆಳಗ್ಗೆಯೇ ಕಲಸಿ ಡಬ್ಬಿಗೆ ಹಾಕಿಕೊಂಡು ಹೋದರೆ ಮಧ್ಯಾಹ್ನ ಸೌತೆಕಾಯಿ ಈಜುತ್ತಿರುತ್ತದೆ. ಗೊಜ್ಜು ಬೇರೆ, ತರಕಾರಿ ಬೇರೆ ಒಯ್ಯಿ, ಉಣ್ಣುವಾಗ ಕಲಸು. ನವಿಲುಕೋಸು, ಎಳೆ ಮೂಲಂಗಿ, ಮೊಳಕೆ ಹೆಸರುಕಾಳು, ಬೇಯಿಸಿದ ಹಸಿ ಕಡಲೆಕಾಯಿ ಎಲ್ಲಕ್ಕೂ ಹೊಂದುತ್ತದೆ. ದಾಳಿಂಬೆ ಕಾಳು ಸಿಕ್ಕರೆ ಒಂದು ಹಿಡಿ. ಮಾವಿನಕಾಯಿ ಹಾಕುವ ದಿನ ಹುಣಸೆ ಅರ್ಧಕ್ಕೆ ಇಳಿಸು, ಇಲ್ಲದಿದ್ದರೆ ಹಲ್ಲು ಚಳಿತು ರಾತ್ರಿ ಅನ್ನ ಅಗಿಯಲಾಗುವುದಿಲ್ಲ.

ಹಲ್ಲು ಅಂದಾಗ ಪಾವಗಡದ ಮಕ್ಕಳು ನೆನಪಾಗುತ್ತಾರೆ. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮುಂದಿನ ಬೆಂಚಿನಲ್ಲಿ ನಗುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ನೋಡಿ ನೋಡಿ ಸಾಕಾಗಿತ್ತು. 2002ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು 18 ದಿನ ಊಟದ ಜೊತೆ ಕೊಟ್ಟಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತ್ತು. ಓದಿದ ದಿನ ನಮ್ಮಮ್ಮನ ಹುಣಸೆ ಸಾರು ನೆನೆದು ಖುಷಿಪಟ್ಟೆ. ಹಾಗೆಂದು ಹುಣಸೆ ತಿಂದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಿಗೂ ಹೇಳಬೇಡ. ಅಲ್ಲಿ ಮೊದಲು ಬೇಕಾದದ್ದು ಒಳ್ಳೆಯ ನೀರು.

ಮೊದಲ ಸಲ ಮಾಡಿದಾಗ ಕೆಡುತ್ತದೆ. ಬೆಲ್ಲ ಜಾಸ್ತಿಯಾಗಿ ಹೋಳಿಗೆಗೆ ಹಚ್ಚುವ ಹಾಗಾಗಬಹುದು. ಎಸೆಯಬೇಡ, ಮಾರನೆಯ ದಿನ ಹಾಗಲಕಾಯಿ ಪಲ್ಯಕ್ಕೆ ಹಾಕು, ಅಲ್ಲಿ ಅದು ಸರಿಯಾಗಿ ಕೂರುತ್ತದೆ. ಎರಡನೆಯ ಸಲಕ್ಕೆ ನಾಲಿಗೆ ತಾನೇ ಹೇಳಿಕೊಡುತ್ತದೆ. ಹೇಳಿಕೊಡದಿದ್ದರೆ ಫೋನ್ ಮಾಡು, ಆದರೆ ಎಷ್ಟು ಚಮಚ ಅಂತ ಕೇಳಬೇಡ. ಹುಳಿ ಹೇಗಿತ್ತು ಅಂತ ಮೊದಲು ಹೇಳು, ಬೆಲ್ಲದ ಮಾತು ಆಮೇಲೆ.

ಈ ವರ್ಷದ ಹಣ್ಣು ಕುಟ್ಟಿ ಜಾಡಿಗೆ ಹಾಕಿಯಾಗಿದೆ, ನಿನ್ನ ಪಾಲು ಒಂದು ಸೇರು ಬೇರೆ ಕಟ್ಟಿಟ್ಟಿದ್ದೇನೆ. ನಿನ್ನ ಆ ಸೀಸೆಯಲ್ಲಿದ್ದದ್ದನ್ನು ತಿಂದು ಮುಗಿಸುವವರು ಇಲ್ಲಿ ಯಾರೂ ಇಲ್ಲ, ಪಕ್ಕದ ಮನೆ ಹುಡುಗನಿಗೆ ಬ್ರೆಡ್ಡಿಗೆ ಹಚ್ಚಿಕೊಟ್ಟೆ. ಗಾಜು ಮಾತ್ರ ಗಟ್ಟಿ ಇದೆ, ಬಾಯಿಯೂ ಅಗಲ. ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೇನೆ. ಮುಚ್ಚಳ ಎಲ್ಲಿಟ್ಟೆಯೋ ಕಾಣುತ್ತಿಲ್ಲ, ನಿನ್ನ ಬ್ಯಾಗಿನಲ್ಲಿ ಒಂದು ಸಲ ನೋಡಪ್ಪ.