ಮೊದಲು ತೂತು, ಆಮೇಲೆ ಅಂಚು

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಸಿಎನ್‌ಸಿ ಪ್ಲಾಸ್ಮಾ ಯಂತ್ರಕ್ಕೆ ಪ್ರೋಗ್ರಾಂ ಹಾಕುವವರಿಗೆ ಟಾರ್ಚಿನ ಖಾಲಿ ಓಡಾಟ ತಗ್ಗಿಸುವ ಆಸೆ ಸಹಜ. ಪಾರ್ಟುಗಳನ್ನು ಒಂದರ ಪಕ್ಕ ಒಂದರಂತೆ ಕತ್ತರಿಸುತ್ತ ಹೋದರೆ ಸಮಯ ಉಳಿಯುತ್ತದೆ, ನಿಜ. ಜೊತೆಗೇ ಶಾಖವೂ ಒಂದೇ ಕಡೆ ಸೇರುತ್ತದೆ. ಉದ್ದನೆಯ ಪಟ್ಟಿಗಳು ಬಾಳೆಕಾಯಿಯಂತೆ ಬಾಗುತ್ತವೆ. ತೆಳು ಪ್ಲೇಟಾದರೆ ಒಂದು ಮೂಲೆಯಿಂದ ದೂರದ ಇನ್ನೊಂದಕ್ಕೆ ಜಿಗಿಯುವುದು ಲೇಸು. ದಪ್ಪ ಪ್ಲೇಟಿಗೆ ಅಷ್ಟು ಉಪಚಾರ ಬೇಕಿಲ್ಲ.

ಎಷ್ಟೇ ಅವಸರವಿದ್ದರೂ ಒಳಗಿನ ತೂತುಗಳು ಮೊದಲು, ಹೊರ ಅಂಚು ಕೊನೆಗೆ. ಅಂಚು ಮೊದಲೇ ಬಿಟ್ಟುಕೊಂಡರೆ ಪಾರ್ಟ್ ಅಲುಗಿ ತೂತು ಜಾಗ ತಪ್ಪುತ್ತದೆ. ಕೆಲವೊಮ್ಮೆ ಓರೆಯಾಗಿ ಮೇಲೆದ್ದು ಟಾರ್ಚಿಗೇ ಬಡಿಯುತ್ತದೆ. ಸಾಮಾನ್ಯ ಟಾರ್ಚಿನಲ್ಲಿ ಅನಿಲ ಸುಳಿಯಾಗಿ ತಿರುಗುವುದರಿಂದ ಸಾಗುವ ದಿಕ್ಕಿನ ಬಲಬದಿ ಹೆಚ್ಚು ನೇರವಾಗಿರುತ್ತದೆ. ಆದ್ದರಿಂದಲೇ ಹೊರ ಅಂಚನ್ನು ಪ್ರದಕ್ಷಿಣೆಯಾಗಿ, ತೂತನ್ನು ಅಪ್ರದಕ್ಷಿಣೆಯಾಗಿ ಕತ್ತರಿಸುವುದು ರೂಢಿ.

ಬೋಲ್ಟ್ ತೂತಿಗೆ ವೇಗ ಇಳಿಸಲೇಬೇಕು. 20 ಮಿ.ಮೀ. ಪ್ಲೇಟಿನಲ್ಲಿ 12 ಮಿ.ಮೀ. ತೂತು ಕೇಳಿದರೆ ಪ್ಲಾಸ್ಮಾ ಬಿಟ್ಟು ಡ್ರಿಲ್ ಹಿಡಿಯುವುದೇ ಜಾಣತನ.

ಹೊರ ಅಂಚಿನಲ್ಲೂ ವೇಗಕ್ಕೆ ಮಿತಿಯುಂಟು. ಅತಿ ನಿಧಾನವಾದರೆ ಅಡಿಯಲ್ಲಿ ಕಟ್ಟುವ ದಪ್ಪ ಕಿಟ್ಟ ಸುತ್ತಿಗೆಯ ಏಟಿಗೆ ಉದುರುತ್ತದೆ. ಅತಿ ವೇಗದ ಸಣ್ಣ ಕಿಟ್ಟಕ್ಕೆ ಗ್ರೈಂಡರೇ ಬೇಕು.