ಎದೆಯುರಿಯ ಲೆಕ್ಕ: ಚೀನಾದಲ್ಲಿ ಎಷ್ಟು, ತಿರುವನಂತಪುರದಲ್ಲಿ ಎಷ್ಟು?

ಊಟವಾದ ಮೇಲೆ ಎದೆಯ ನಡುವೆ ಉರಿ ಏಳುವುದು, ಮಲಗಿದೊಡನೆ ಹುಳಿನೀರು ಗಂಟಲಿಗೆ ಬರುವುದು, ಹುಳಿತೇಗು – ಇವುಗಳ ಹೆಸರು ಕೇಳದ ಮನೆ ನಮ್ಮ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಒಂದೂ ಇರಲಾರದು. ಇಷ್ಟು ಸಾಮಾನ್ಯವಾದ ವಿಷಯಕ್ಕೆ ಒಂದು ಪಾಠವೇಕೆಂದು ವಾಚಕರು ಕೇಳಬಹುದು. ಸಾಮಾನ್ಯವಾದುದರಿಂದಲೇ ಪಾಠ ಬೇಕಾಗಿದೆ. ಎಲ್ಲರಿಗೂ ಗೊತ್ತಿದೆ ಎನಿಸಿದ ಬೇನೆಯನ್ನು ಯಾರೂ ಸರಿಯಾಗಿ ವಿಚಾರಿಸುವುದಿಲ್ಲ. ವಿಚಾರಿಸದಿದ್ದರೆ ಸಣ್ಣದನ್ನು ದೊಡ್ಡದೆಂದು ಹೆದರುತ್ತೇವೆ, ದೊಡ್ಡದನ್ನು ಸಣ್ಣದೆಂದು ಮರೆಯುತ್ತೇವೆ. ಈ ಬೇನೆ ಎಷ್ಟು ಜನಕ್ಕಿದೆ, ಅದನ್ನು ಎಣಿಸುವುದು ಹೇಗೆ, ಆ ಎಣಿಕೆಯಿಂದ ನಮಗೇನು ಪ್ರಯೋಜನ ಎಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ನೋಡೋಣ.

ಬೇನೆಯ ಸ್ವರೂಪ

ನಾವು ನುಂಗಿದ ಅನ್ನ ಅನ್ನನಾಳದ ಮೂಲಕ ಜಠರಕ್ಕೆ ಇಳಿಯುತ್ತದೆ. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಒಸರುತ್ತದೆ. ಈ ಆಮ್ಲವನ್ನು ತಾಳಿಕೊಳ್ಳುವ ಒಳಪದರ ಜಠರಕ್ಕಿದೆ, ಅನ್ನನಾಳಕ್ಕಿಲ್ಲ. ಆದಕಾರಣ ಎರಡೂ ಸೇರುವ ಸ್ಥಳದಲ್ಲಿ ಪ್ರಕೃತಿಯು ಬಳೆಯಾಕಾರದ ಒಂದು ಸ್ನಾಯುವನ್ನು ಇಟ್ಟಿದೆ. ಅನ್ನ ಇಳಿಯುವಾಗ ಅದು ತೆರೆಯುತ್ತದೆ, ಇಳಿದ ಮೇಲೆ ಮುಚ್ಚಿಕೊಳ್ಳುತ್ತದೆ.

ನಮ್ಮ ಕಡೆಯ ಒಂದು ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ವೆಂಬನಾಡು ಕಾಯಲಿಗೆ ಅಡ್ಡಲಾಗಿ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಕಟ್ಟೆಯನ್ನು ಕಟ್ಟಿದರು. ಬೇಸಗೆಯಲ್ಲಿ ಅದರ ಬಾಗಿಲುಗಳನ್ನು ಇಳಿಸುತ್ತಾರೆ. ಕೊಚ್ಚಿಯ ಕಡೆಯ ಉಪ್ಪುನೀರು ಕುಟ್ಟನಾಡಿನ ಗದ್ದೆಗಳಿಗೆ ಏರದಂತೆ ಅದು ತಡೆಯುತ್ತದೆ. ಬಾಗಿಲು ಅಕಾಲದಲ್ಲಿ ತೆರೆದರೆ ಅಥವಾ ಸಡಿಲವಾದರೆ ಪೈರು ಸುಡುತ್ತದೆ. ಉಪ್ಪುನೀರು ಸಮುದ್ರದಲ್ಲಿದ್ದರೆ ದೋಷವಿಲ್ಲ. ಗದ್ದೆಗೆ ಬಂದರೆ ದೋಷ. ಅದೇ ರೀತಿ ಆಮ್ಲ ಜಠರದಲ್ಲಿದ್ದರೆ ಜೀರ್ಣಕ್ಕೆ ಸಹಾಯ, ಅನ್ನನಾಳಕ್ಕೆ ಏರಿದರೆ ಉರಿ. ಈ ಬೇನೆಯವರಲ್ಲಿ ಬಹುಮಂದಿಗೆ ಆಮ್ಲ ಅತಿಯಾಗಿ ಒಸರುವುದಿಲ್ಲ, ಬಾಗಿಲು ಹೊತ್ತಲ್ಲದ ಹೊತ್ತಿನಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಹೊಟ್ಟೆಯ ಬೊಜ್ಜು ಕೆಳಗಿನಿಂದ ಒತ್ತಿದರೂ, ಜಠರದ ಮೇಲ್ಭಾಗ ವಪೆಯ ರಂಧ್ರದ ಮೂಲಕ ಎದೆಗೂಡಿಗೆ ಜಾರಿದರೂ ಬಾಗಿಲಿನ ಬಲ ಕುಂದುತ್ತದೆ.

ಯಾವಾಗ ರೋಗವೆನ್ನಬೇಕು?

ಮದುವೆಯೂಟದ ಮರುದಿನ ಒಮ್ಮೆ ಹುಳಿತೇಗು ಬಂದ ಮಾತ್ರಕ್ಕೆ ಅದು ರೋಗವಲ್ಲ. ಎಣಿಸುವವರಿಗೆ ಒಂದು ಅಳತೆಗೋಲು ಬೇಕು. ವಿವಿಧ ದೇಶಗಳ ತಜ್ಞರು ಸೇರಿ 2006ರಲ್ಲಿ ಪ್ರಕಟಿಸಿದ ನಿರೂಪಣೆಗೆ ಮಾಂಟ್ರಿಯಲ್ ನಿರೂಪಣೆಯೆಂದು ಹೆಸರು. ಜಠರದಲ್ಲಿರುವುದು ಹಿಮ್ಮುಖವಾಗಿ ಹರಿದು, ಮನುಷ್ಯನಿಗೆ ತೊಂದರೆ ಕೊಡುವ ಲಕ್ಷಣಗಳನ್ನೋ ಬೇರೆ ಹಾನಿಯನ್ನೋ ಉಂಟುಮಾಡಿದರೆ ಅದು ರೋಗ. ಜನಗಣನೆಗೆ ಅನುಕೂಲವಾಗುವಂತೆ, ಸೌಮ್ಯವಾದ ಉರಿ ವಾರಕ್ಕೆ 2 ದಿನ ಅಥವಾ ಹೆಚ್ಚು, ಇಲ್ಲವೇ ಸಾಧಾರಣ ಅಥವಾ ತೀವ್ರವಾದ ಉರಿ ವಾರಕ್ಕೆ 1 ದಿನವಾದರೂ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಚೀನಾದ ಎಣಿಕೆ

ಫೋರ್ಟ್ ಕೊಚ್ಚಿಯ ಚೀನಾಬಲೆಗಳನ್ನು ನಾವು ದಿನವೂ ಕಾಣುತ್ತೇವೆ. ಮಲಯಾಳಿ ಅಡುಗೆಮನೆಯ ಚೀನಚಟ್ಟಿಯನ್ನೂ ಉಪ್ಪಿನಕಾಯಿಯ ಚೀನಭರಣಿಯನ್ನೂ ಬಲ್ಲೆವು. ಆ ದೇಶದವರ ಹೊಟ್ಟೆಯ ಸಮಾಚಾರವನ್ನು ಮಾತ್ರ ಹೆಚ್ಚು ಮಂದಿ ಕೇಳಿಲ್ಲ. 2007-08ರಲ್ಲಿ ಅಲ್ಲಿ ಒಂದು ದೊಡ್ಡ ಎಣಿಕೆ ನಡೆಯಿತು. ಷಾಂಘೈ, ಬೀಜಿಂಗ್, ಷಿಯಾನ್, ವೂಹಾನ್, ಗ್ವಾಂಗ್‌ಝೌ ಎಂಬ 5 ಪ್ರದೇಶಗಳ ಪಟ್ಟಣ ಮತ್ತು ಹಳ್ಳಿಗಳಲ್ಲಿ 18,000 ವಯಸ್ಕರನ್ನು ಆರಿಸಿದರು. ಅವರಲ್ಲಿ 16,091 ಮಂದಿ ಉತ್ತರವಿತ್ತರು. ಮಾಂಟ್ರಿಯಲ್ ಅಳತೆಯಂತೆ ಈ ರೋಗಲಕ್ಷಣಗಳಿದ್ದವರು ನೂರಕ್ಕೆ 3.1 ಮಾತ್ರ.

ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಎಣಿಕೆಗಳು ನೂರಕ್ಕೆ ಸುಮಾರು 18ರಿಂದ 28 ಎಂದು ಹೇಳುತ್ತವೆ. ಹಾಗಾದರೆ ಚೀನೀಯರು ಅದೃಷ್ಟವಂತರೆಂದು ಕೈ ತೊಳೆದುಕೊಳ್ಳಬಹುದೇ? ಕೂಡದು. ಇದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು: ಸಣ್ಣ ಶೇಕಡಾವಾರು ದೊಡ್ಡ ದೇಶದಲ್ಲಿ ದೊಡ್ಡ ಸಂಖ್ಯೆಯಾಗುತ್ತದೆ. ಚೀನಾದಲ್ಲಿ ಸುಮಾರು 110 ಕೋಟಿ ವಯಸ್ಕರಿದ್ದಾರೆ. ಆ 5 ಪ್ರದೇಶಗಳ ಲೆಕ್ಕ ಇಡೀ ದೇಶಕ್ಕೆ ಸಲ್ಲುತ್ತದೆಂದು ಹಿಡಿದರೆ ಅದರ ನೂರಕ್ಕೆ 3.1 ಎಂದರೆ 3 ಕೋಟಿ 41 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕೇರಳದ ಜನಸಂಖ್ಯೆ 3 ಕೋಟಿ 34 ಲಕ್ಷ. ಕೇರಳದ ಶಿಶುಗಳಿಂದ ವೃದ್ಧರವರೆಗೆ ಎಲ್ಲರಿಗೂ ಎದೆಯುರಿ ಬಂದರೆ ಎಷ್ಟೋ, ಅಷ್ಟು ಮಂದಿ ಅಲ್ಲಿ ನರಳುತ್ತಿದ್ದಾರೆಂದಾಯಿತು.

ಎರಡನೆಯದು: ಬಾಯಿಂದ ಕೇಳಿದ ಲೆಕ್ಕ ಒಂದು, ಕಣ್ಣಿನಿಂದ ನೋಡಿದ ಲೆಕ್ಕ ಇನ್ನೊಂದು. ಅದೇ ಪರಿಶೋಧನೆಯಲ್ಲಿ ಷಾಂಘೈಯ 1,030 ಮಂದಿಗೆ ಎಂಡೋಸ್ಕೋಪಿ, ಎಂದರೆ ದೀಪವುಳ್ಳ ಕೊಳವೆಯನ್ನು ಇಳಿಸಿ ಒಳಗನ್ನು ನೋಡುವ ಪರೀಕ್ಷೆ ಮಾಡಿದರು. ನೂರಕ್ಕೆ 6.4 ಮಂದಿಯ ಅನ್ನನಾಳದಲ್ಲಿ ಆಮ್ಲದಿಂದಾದ ಉರಿಯೂತ ಕಂಡಿತು. ದೂರು ಹೇಳದವರ ಒಳಗೂ ಗಾಯವಿರಬಹುದೆಂಬುದು ಇದರಿಂದ ತಿಳಿದ ಪಾಠ.

ನಮ್ಮ ನೆರೆಯ ಎಣಿಕೆ

ಈಗ ನಮ್ಮ ಕಡೆಗೆ ಬರೋಣ. ತಿರುವನಂತಪುರದ ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ 1,072 ಮಂದಿಯನ್ನು ವಿಚಾರಿಸಲಾಯಿತು. ಅವರಲ್ಲಿ 238 ಮಂದಿಗೆ, ಎಂದರೆ ನೂರಕ್ಕೆ 22.2 ಮಂದಿಗೆ ಈ ರೋಗವಿತ್ತು. ನಮ್ಮ ವಾಚನಾಲಯದಲ್ಲಿ 50 ಮಂದಿ ಕುಳಿತಿದ್ದಾರೆಂದು ಭಾವಿಸಿದರೆ, ಆ ಲೆಕ್ಕದಂತೆ 11 ಮಂದಿ. ತೂಕ ಹೆಚ್ಚಿದವರು, ನಗರವಾಸಿಗಳು, ಕಡಿಮೆ ಓದಿದವರು, ಪಾನ್ ಮಸಾಲಾ ಜಗಿಯುವವರು – ಇವರಲ್ಲಿ ರೋಗ ಹೆಚ್ಚಾಗಿ ಕಂಡಿತು. ತಂಬಾಕು ಬೆರೆತ ಪಾನ್ ಮಸಾಲಾ ಮತ್ತು ಗುಟ್ಕಾ ಮಾರಾಟವನ್ನು ಕೇರಳ ಸರ್ಕಾರ 2012ರಲ್ಲಿ ನಿಷೇಧಿಸಿತು. ನಿಷೇಧ ಅಂಗಡಿಗೆ, ಚಟ ಬಿಡುವ ಕೆಲಸ ನಮಗೆ.

2011ರಲ್ಲಿ ಭಾರತೀಯ ಜಠರಕರುಳು ವೈದ್ಯರ ಸಂಘದ ಕಾರ್ಯತಂಡವು ದೇಶದ ಹಲವು ಕೇಂದ್ರಗಳಿಂದ ಕೂಡಿಸಿದ ಲೆಕ್ಕ ಇದಕ್ಕಿಂತ ಬೇರೆಯಾಗಿದೆ. ಅದರಲ್ಲಿ 3,224 ಮಂದಿಯಲ್ಲಿ 245 ಮಂದಿಗೆ, ಎಂದರೆ ನೂರಕ್ಕೆ 7.6 ಮಂದಿಗೆ ಲಕ್ಷಣಗಳಿದ್ದವು. ಒಂದೇ ದೇಶದಲ್ಲಿ 7.6 ಮತ್ತು 22.2 ಎಂಬ ಎರಡು ಸಂಖ್ಯೆಗಳನ್ನು ಕಂಡು ಒಂದು ಸುಳ್ಳೆಂದು ತೀರ್ಮಾನಿಸಬಾರದು. ಊರು ಬೇರೆ, ಆರಿಸಿದ ಜನ ಬೇರೆ, ಕೇಳಿದ ರೀತಿ ಬೇರೆ ಆದರೆ ಉತ್ತರವೂ ಬೇರೆಯಾಗುತ್ತದೆ. ಸಂಖ್ಯೆಯನ್ನು ಓದುವವನು ಯಾರನ್ನು ಕೇಳಿದರು, ಏನೆಂದು ಕೇಳಿದರು ಎಂಬ ಎರಡು ಪ್ರಶ್ನೆಗಳನ್ನು ಸದಾ ಕೈಯಲ್ಲಿ ಹಿಡಿದಿರಬೇಕು.

ಅಂತರಕ್ಕೆ ಕಾರಣಗಳು

ಚೀನಾದಲ್ಲಿ ಕಡಿಮೆ, ಅಮೆರಿಕದಲ್ಲಿ ಹೆಚ್ಚು ಎಂಬುದಕ್ಕೆ ಪಂಡಿತರು ಹಲವು ಕಾರಣ ಹೇಳುತ್ತಾರೆ. ದೇಹದ ತೂಕ ಮುಖ್ಯವಾದುದು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜಠರದ ಸೂಕ್ಷ್ಮಜೀವಿ ಮತ್ತೊಂದು. ಇದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬವರಿಗೆ 2005ರ ನೊಬೆಲ್ ಬಹುಮಾನ ದೊರಕಿತು. ಈ ಜೀವಿ ಕೆಲವರ ಜಠರದಲ್ಲಿ ಬಹುಕಾಲ ನೆಲೆಸಿ ಆಮ್ಲದ ಒಸರುವಿಕೆಯನ್ನು ಕುಗ್ಗಿಸುತ್ತದೆ. ಆಗ ಎದೆಯುರಿ ತಗ್ಗಬಹುದು. ಹಾಗೆಂದು ಅದನ್ನು ಮಿತ್ರನೆಂದು ತಿಳಿಯಬಾರದು. ಜಠರದ ಹುಣ್ಣಿಗೂ ಕ್ಯಾನ್ಸರಿಗೂ ಅದೇ ಕಾರಣವಾಗುತ್ತದೆ.

ಇನ್ನೊಂದು ಕಾರಣ ಭಾಷೆ. ಕನ್ನಡದಲ್ಲಿ ಎದೆಯುರಿ ಎನ್ನುತ್ತೇವೆ. ಮಲಯಾಳದಲ್ಲಿ ನೆಂಜೆರಿಚ್ಚಿಲ್ ಎನ್ನುತ್ತಾರೆ. ನೆಂಜು ಎಂದರೆ ಎದೆ, ಎರಿಚ್ಚಿಲ್ ಎಂದರೆ ಉರಿ. ಚೀನೀ ಭಾಷೆಯಲ್ಲೂ ಸುಡುವ ಹೃದಯವೆಂಬ ಅರ್ಥದ ‘ಷಾವೋ ಷಿನ್’ ಎಂಬ ಮಾತಿದೆ. ಆದರೆ ಮಾತು ಇರುವುದು ಬೇರೆ, ಎಲ್ಲರೂ ಅದನ್ನು ಒಂದೇ ಅರ್ಥದಲ್ಲಿ ಆಡುವುದು ಬೇರೆ. ನಮ್ಮಲ್ಲೇ ನೋಡಿ: ಹೊಟ್ಟೆಯುಬ್ಬರಕ್ಕೂ ಗ್ಯಾಸ್, ತೇಗಿಗೂ ಗ್ಯಾಸ್, ಎದೆನೋವಿಗೂ ಗ್ಯಾಸ್, ಬೆನ್ನು ಹಿಡಿದುಕೊಂಡರೂ ಗ್ಯಾಸ್. ಕನ್ನಡಿಗ, ಮಲಯಾಳಿ ಇಬ್ಬರೂ ಈ ಒಂದು ಮಾತಿನಲ್ಲಿ ಸರಿಸಮಾನರು. ಈ ಅಭ್ಯಾಸ ಎಣಿಸುವವರ ಲೆಕ್ಕವನ್ನು ಮಾತ್ರವಲ್ಲ, ಕೆಲವೊಮ್ಮೆ ಪ್ರಾಣವನ್ನೂ ಕೆಡಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ

ಹೃದಯಾಘಾತದ ನೋವೂ ಎದೆಯ ನಡುವೆಯೇ ಬರುತ್ತದೆ. ಕೆಲವರಿಗೆ ಅದು ಉರಿಯಂತೆ, ಅಜೀರ್ಣದಂತೆ ತೋರುತ್ತದೆ. ಎದೆಯ ಮೇಲೆ ಭಾರವಿಟ್ಟಂತಾಗುವುದು, ಬೆವರು, ಏದುಸಿರು, ತೋಳಿಗೆ ಅಥವಾ ದವಡೆಗೆ ಹಬ್ಬುವ ನೋವು, ಮೆಟ್ಟಿಲು ಹತ್ತಿದಾಗ ಹೆಚ್ಚುವ ನೋವು – ಇವು ಕಂಡರೆ ಸೋಡ ಕುಡಿದು, ಓಮ ಜಗಿದು ಕಾಯಬಾರದು. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ಲಕ್ಷಣಗಳು ಅಸ್ಪಷ್ಟವಾಗಿಯೂ ಇರಬಹುದು. 108ಕ್ಕೆ ಕರೆಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಬೇಕು. ಇದು ಗ್ಯಾಸ್ ಎಂದು ಹೇಳುವ ಅಧಿಕಾರ ಪರೀಕ್ಷೆ ಮಾಡಿದ ವೈದ್ಯರಿಗಿದೆ. ರೋಗಿಗಾಗಲಿ ಪಕ್ಕದ ಮನೆಯವರಿಗಾಗಲಿ ಇಲ್ಲ.

ಇನ್ನು ಕೆಲವು ಲಕ್ಷಣಗಳಲ್ಲಿ ಅಷ್ಟು ಅವಸರವಿಲ್ಲದಿದ್ದರೂ ತಡಮಾಡಬಾರದು. ಅನ್ನ ನುಂಗುವಾಗ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಪದೇಪದೇ ವಾಂತಿ – ಇವುಗಳಿಗೆ ಬೇಗನೆ ವೈದ್ಯರನ್ನು ಕಾಣಬೇಕು. ರಕ್ತವಾಂತಿಯಾದರೆ ಅಥವಾ ಮಲ ಟಾರಿನಂತೆ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಮಾಡಬಹುದಾದುದು

ಬಂದರಿನಲ್ಲಿ ರಾತ್ರಿ ಪಾಳಿಯವರು, ಹೋಟೆಲು ಮುಚ್ಚಿದ ಮೇಲೆ ಉಣ್ಣುವವರು ನಮ್ಮ ನಡುವೆ ಉಂಟು. ಹೊಟ್ಟೆ ತುಂಬ ಉಂಡು ತಕ್ಷಣ ಮಲಗುವುದೇ ಇವರ ದೊಡ್ಡ ಶತ್ರು. ಊಟಕ್ಕೂ ನಿದ್ರೆಗೂ ನಡುವೆ 3 ಗಂಟೆ ಬಿಡುವುದು ಉತ್ತಮ. ಅದು ಸಾಧ್ಯವಿಲ್ಲದವರು ದೊಡ್ಡ ಊಟವನ್ನು ಪಾಳಿಯ ಮೊದಲಿಗೆ ಮಾಡಿ, ಕೊನೆಗೆ ಸ್ವಲ್ಪ ಗಂಜಿಯನ್ನೋ ಎರಡು ಇಡ್ಲಿಯನ್ನೋ ತೆಗೆದುಕೊಳ್ಳಬಹುದು. ರಾತ್ರಿ ಉರಿ ಬರುವವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು ಸುಮಾರು 15 ಸೆಂಟಿಮೀಟರ್ ಎತ್ತರಿಸಬೇಕು. ದಿಂಬಿನ ಮೇಲೆ ದಿಂಬಿಟ್ಟರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೊಟ್ಟೆ ಇನ್ನೂ ಒತ್ತುತ್ತದೆ. ಎಡಮಗ್ಗುಲಲ್ಲಿ ಮಲಗುವುದು ಹಿತ. ತೂಕ ಹೆಚ್ಚಿದ್ದವರು ಇಳಿಸಿದರೆ ಉರಿಯೂ ಇಳಿಯುತ್ತದೆ. ತಂಬಾಕು, ಮದ್ಯ ಬಿಡುವುದು ಲೇಸು.

ಮೆಣಸು, ಉಪ್ಪಿನಕಾಯಿ, ಕರಿದ ತಿಂಡಿ, ಕಾಫಿ ಇವನ್ನೆಲ್ಲ ಎಲ್ಲರೂ ತ್ಯಜಿಸಬೇಕೆಂದಿಲ್ಲ. ಯಾವುದು ತಿಂದರೆ ತನಗೆ ಉರಿ ಬರುತ್ತದೆಂದು ನೋಡಿ ಅದನ್ನಷ್ಟೇ ಬಿಟ್ಟರೆ ಸಾಕು. ಅಡುಗೆಸೋಡ ನೀರಿಗೆ ಹಾಕಿ ಕುಡಿಯುವ ಅಭ್ಯಾಸ ರಕ್ತದೊತ್ತಡದವರಿಗೆ ಕೆಟ್ಟದ್ದು, ಅದರಲ್ಲಿ ಸೋಡಿಯಂ ಇದೆ.

ಔಷಧಗಳ ವಿಷಯದಲ್ಲಿ ವಿಜ್ಞಾನ ದೊಡ್ಡ ಉಪಕಾರ ಮಾಡಿದೆ. 1970ರ ದಶಕದಲ್ಲಿ ಸಿಮೆಟಿಡಿನ್ ಬಂತು. ಅದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ 1988ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರು. 1980ರ ದಶಕದ ಕೊನೆಗೆ ಒಮಿಪ್ರಜೋಲ್ ಬಂತು. ಒಮಿಪ್ರಜೋಲ್ ಜಾತಿಯ ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೇ ಪೂರ್ಣ ಫಲ. ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗುವುದು ಸರಿಯಲ್ಲ.

ಮನನಕ್ಕೆ

ವೈದ್ಯರ ಬಳಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಮೂರು ಉತ್ತರಗಳನ್ನು ಬರೆದುಕೊಳ್ಳಿರಿ. ಉರಿ ವಾರಕ್ಕೆ ಎಷ್ಟು ದಿನ? ಊಟದ ಮೇಲೆಯೋ, ಮಲಗಿದಾಗಲೋ, ನಡೆದಾಗಲೋ? ನುಂಗಲು ಕಷ್ಟವುಂಟೇ, ತೂಕ ಇಳಿದಿದೆಯೇ? ಗ್ಯಾಸ್ ಎಂಬ ಮಾತನ್ನು ಆ ಚೀಟಿಯಲ್ಲಿ ಬರೆಯದಿರಿ. ಎಲ್ಲಿ ನೋವು, ಎಂತಹ ನೋವು ಎಂಬುದನ್ನು ಅಚ್ಚಕನ್ನಡದಲ್ಲೋ ಬಂದಷ್ಟು ಮಲಯಾಳದಲ್ಲೋ ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.